ದೊಡ್ಡ ಜೀಪಿನ ಶಲ್ಯ

ಮನೆಯ ಗಾಡಿಯಲ್ಲೊಂದು ಕೆಂಪು ದೀಪ ಹತ್ತಿದರೆ ಮರುದಿನವೇ ಮೆಕ್ಯಾನಿಕ್ಕನ ಬಾಗಿಲಿಗೆ ಓಡುವವರೇ, ಅದೇ ಮನೆಯ ಸೊಸೆ ನಗುವುದನ್ನು ಮರೆತು ವರ್ಷಗಳು ಕಳೆದರೂ ನಿಮಗೇಕೆ ಗಾಬರಿಯಾಗಲಿಲ್ಲ?

ಹೊಸನಗರದ ಮಂಜಯ್ಯ ಗೌಡರಿಗೂ ಆಗಿರಲಿಲ್ಲ. ಅವರೇನು ಕೆಟ್ಟವರಲ್ಲ. ಸೊಸೆಗೆ ಊಟ ಬಟ್ಟೆಗೆ ಕಡಿಮೆ ಮಾಡಿದವರಲ್ಲ, ಏರಿದ ದನಿಯಲ್ಲಿ ಗದರಿದವರೂ ಅಲ್ಲ. ಒಳ್ಳೆಯವರು ಕಟ್ಟಿದ ಬೇಲಿಯನ್ನು ದಾಟುವುದೇ ಹೆಚ್ಚು ಕಷ್ಟವೆಂಬುದನ್ನು ಸೊಸೆ ಸರೋಜಳ ಬಾಯಿಂದಲೇ ಕೇಳಬೇಕು.

ಎಂಬತ್ತರ ದಶಕದ ಮೊದಲ ವರ್ಷಗಳವು. ಅಣೆಕಟ್ಟಿನ ಕೆಲಸ ಮುಗಿಸಿ ಮರಳಿದ ವಿದೇಶಿ ಇಂಜಿನಿಯರರು ಬಿಟ್ಟುಹೋದ ಗಾಡಿಯೊಂದನ್ನು ಗೌಡರ ಒಬ್ಬನೇ ಮಗ ಧರ್ಮಪ್ಪ ಹರಾಜಿನಲ್ಲಿ ಹಿಡಿದು ತಂದಿದ್ದ. ಚರ್ಮದ ಸೀಟು, ಕಾಲಡಿಗೆ ಕಂಬಳಿಯಂಥ ಹಾಸು, ಮುಂದೆ ರೇಡಿಯೊ. ಊರವರು ಅದನ್ನು ‘ದೊಡ್ಡ ಜೀಪು’ ಎಂದು ಕರೆದರು. ಯಾರೋ ಬಳಸಿ ಬಿಟ್ಟ ಗಾಡಿಯೆಂದು ಒಬ್ಬರೂ ಮೂಗು ಮುರಿಯಲಿಲ್ಲ. ಆರತಿ ಎತ್ತಿ ಒಳಗೆ ಬರಮಾಡಿಕೊಂಡರು.

ಮರುವರ್ಷ ಮಂಗನ ಕಾಯಿಲೆ ಧರ್ಮಪ್ಪನನ್ನು ಕೊಂಡೊಯ್ದಿತು. ಜೀಪನ್ನು ಗೌಡರು ತಾವೇ ಓಡಿಸತೊಡಗಿದರು. ಸರೋಜ ಮಾತ್ರ ಒಳಮನೆಗೆ ಸರಿದಳು. ಗಾಡಿಗೆ ಇನ್ನೊಬ್ಬ ಯಜಮಾನ ದೊರೆತರೆ ಅದರ ಭಾಗ್ಯ, ಹೆಣ್ಣಿಗೆ ಇನ್ನೊಬ್ಬ ಸಂಗಾತಿ ದೊರೆತರೆ ಮನೆತನಕ್ಕೆ ಅಪಚಾರ: ಈ ನ್ಯಾಯವನ್ನು ಯಾವ ಪಾಠಶಾಲೆಯಲ್ಲಿ ಕಲಿಸುತ್ತಾರೆ?

ತೀರ್ಥಹಳ್ಳಿಯಲ್ಲಿ ಪಿ.ಯು.ಸಿ.ವರೆಗೆ ವಿಜ್ಞಾನ ಓದಿದ್ದ ಹುಡುಗಿ ಅವಳು. ಈಗ ಅವಳಿಗೆ ದಕ್ಕುತ್ತಿದ್ದ ಹೊರಜಗತ್ತು, ಜೀಪಿನ ಹಿಂದಿನ ಕಿಟಕಿಯ ಪರದೆ ಎರಡು ಬೆರಳಿನಷ್ಟು ಸರಿದಾಗ ಕಾಣುವಷ್ಟೇ. ಅತ್ತೆ ಹಾಲಮ್ಮನಿಗೆ ಮಂಡಿನೋವು. ಸಾಗರದ ಡಾಕ್ಟರಲ್ಲಿಗೆ ಹೋಗುವಾಗ ಕೈ ಹಿಡಿದು ಇಳಿಸಲು ಸೊಸೆ ಬೇಕಿತ್ತು. ಆ ಮಂಡಿನೋವಿಗೆ ಸರೋಜ ಮನಸ್ಸಿನಲ್ಲೇ ಕೃತಜ್ಞಳಾಗಿದ್ದಳು. ಹಾಗಾದುದಕ್ಕೆ ನಾಚಿಕೆಯನ್ನೂ ಪಟ್ಟಿದ್ದಳು.

ಮಗನ ವರ್ಷಾಂತಿಕ ಮುಗಿದ ಮೇಲೆ ಹಾಲಮ್ಮ ಹೊಸದೊಂದು ಕ್ರಮ ಹಿಡಿದಳು. ಮದುವೆಯಲ್ಲಿ ಅವನು ಹೊದ್ದಿದ್ದ ರೇಷ್ಮೆ ಶಲ್ಯವನ್ನು ಜೀಪಿನ ಮುಂದಿನ ಜಾಲರಿಯ ಉದ್ದಕ್ಕೂ ಬಿಗಿದು ಕಟ್ಟಿ, ಅದರ ಮೇಲೆ ಅಡಿಕೆಯ ಹೂಗೊಂಚಲು, ಹಿಂಗಾರ, ಸಿಕ್ಕಿಸಿ, ಕೈ ಮುಗಿದ ಮೇಲೆಯೇ ಗಾಡಿ ಹೊರಡಬೇಕು. ಗ್ಯಾರೇಜಿನ ಬೀದಿ ಬಂತೆಂದರೆ, ಒಳಗೆ ಹೋಗುವ ಮೊದಲೇ, ಅವಳೇ ಇಳಿದು ಎಲ್ಲವನ್ನೂ ಬಿಚ್ಚಿ ಮಡಿಲಲ್ಲಿ ಇಟ್ಟುಕೊಳ್ಳುವಳು. ಮಗನ ಶಲ್ಯಕ್ಕೆ ಗ್ರೀಸಿನ ಕೈ ತಾಗಬಾರದು.

ಆ ವರ್ಷವೇ ದೀಪ ಹತ್ತಲು ಶುರುವಾಯಿತು. ಎಂಜಿನ್ ಕಾದರೆ ಎಚ್ಚರಿಸಲೆಂದು ಸ್ಟಿಯರಿಂಗಿನ ಮುಂದೆ ಇಟ್ಟ ಸಣ್ಣ ಕೆಂಪು ದೀಪವದು.

*

ಸಾಗರದಲ್ಲಿ ಆ ಜಾತಿಯ ಗಾಡಿಗಳ ಮೈ ಬಲ್ಲವನು ಹೇರಂಬನೊಬ್ಬನೇ. ತೋಟದ ಹವ್ಯಕರ ಮನೆಯ ಹುಡುಗ. ಡಿಪ್ಲೊಮಾ ಮುಗಿಸಿ, ಮನೆಯವರ ಮುಖ ಊದಿದ್ದರೂ ಲೆಕ್ಕಿಸದೆ ಗ್ಯಾರೇಜು ತೆರೆದಿದ್ದ.

“ಜನಿವಾರಕ್ಕೆ ಗ್ರೀಸ್ ಹತ್ತಲ್ವಾ ಭಟ್ರೆ?” ಎಂದು ಗೌಡರು ಮೊದಲ ದಿನವೇ ಕೆಣಕಿದರು.

“ಹತ್ತತ್ತೆ ಗೌಡ್ರೆ. ಸೀಮೆಎಣ್ಣೇಲಿ ತೊಳೀತೀನಿ.”

ಗೌಡರು ನಕ್ಕು ಅಡಿಕೆ ಮಂಡಿಯ ಕಡೆ ನಡೆದರು. ಹಾಲಮ್ಮ ಮಡಿಲಲ್ಲಿ ಶಲ್ಯ ಇಟ್ಟುಕೊಂಡು ಕುರ್ಚಿಯಲ್ಲಿ ತೂಕಡಿಸಿದಳು. ಸರೋಜ ಜೀಪಿನ ಪಕ್ಕದಲ್ಲಿ ನಿಂತಿದ್ದಳು; ಎಲ್ಲಿ ನಿಲ್ಲಬೇಕೆಂದು ಯಾರೂ ಹೇಳಿರಲಿಲ್ಲ.

ಜೀಪಿನ ಅಡಿಯಿಂದ ಒಂದು ಕೈ ಹೊರಬಂತು. “ಹದಿನಾಲ್ಕರ ಸ್ಪ್ಯಾನರ್ ಕೊಡು ಮಾರಾಯ. ಎಷ್ಟೊತ್ತು ನಿದ್ದೆ ಮಾಡ್ತೆ?”

ಅವಳು ಬಗ್ಗಿ, ಸಾಲಾಗಿ ಜೋಡಿಸಿದ್ದ ಸ್ಪ್ಯಾನರುಗಳಲ್ಲಿ ಒಂದನ್ನೆತ್ತಿ ಆ ಕೈಯಲ್ಲಿಟ್ಟಳು. ಅವಳದು ಬಳೆಯಿಲ್ಲದ ಕೈ, ಆದರೂ ಗಂಡಸಿನ ಕೈಯಲ್ಲ. ಹೊರಚಾಚಿದ ಬೆರಳುಗಳು ಅರೆಗಳಿಗೆ ತಡೆದು ನಿಂತವು. ಆಮೇಲೆ ಕಪ್ಪುಮಸಿ ಮೆತ್ತಿದ ಒಂದು ಮುಖ ನಿಧಾನವಾಗಿ ಜಾರಿ ಹೊರಗೆ ಬಂತು.

“ಎಂತ ಹೇಳವು ಗೊತ್ತಾಗ್ತಿಲ್ಲೆ,” ಎಂದ ಅವನು, ಗಾಬರಿಯಲ್ಲಿ ಮನೆಮಾತಿಗೆ ಜಾರಿ. ತಿದ್ದಿಕೊಂಡು, “ತಪ್ಪಾಯ್ತು. ನಮ್ಮ ಹುಡುಗ ಅಂದ್ಕಂಡೆ. ಸರಿಯಾದ್ದನ್ನೇ ಕೊಟ್ಟಿದೀರಿ ಮತ್ತೆ.”

“ಅದರ ಮೇಲೇ ಬರೆದಿದೆ.”

“ಬರೆದದ್ದನ್ನ ಓದೋರು ಇಲ್ಲಿಗೆ ಬರೋದು ಅಪರೂಪ.”

ಸರೋಜಳ ತುಟಿಯ ಒಂದು ಕೊನೆ ಮೇಲೆದ್ದು ಕೂಡಲೇ ಇಳಿಯಿತು. ಅಷ್ಟನ್ನೂ ಅವನು ಕಂಡ. ಗ್ಯಾರೇಜಿಗೆ ಬರುವ ಹೆಂಗಸರನ್ನೆಲ್ಲ ‘ಅಕ್ಕ’ ಎಂದು ಕರೆಯುವವನು ಅವಳನ್ನು ಅಂದೂ ಹಾಗೆ ಕರೆಯಲಿಲ್ಲ, ಮುಂದೆಂದೂ ಕರೆಯಲಿಲ್ಲ. ಅದನ್ನು ಅವಳು ಗಮನಿಸಿದಳು.

ದೀಪವೇ ಸುಳ್ಳು ಹೇಳುತ್ತಿದೆಯೇ ಎಂದು ಮೊದಲು ನೋಡಬೇಕೆಂದು ಹೇಳಿ ಅವನು ತಂತಿ ಬಿಚ್ಚಿ ಪರೀಕ್ಷಿಸಿದ. ತಂತಿ ಸರಿಯಿತ್ತು. ಗೌಡರನ್ನು ಕೂರಿಸಿಕೊಂಡು ಇಕ್ಕೇರಿಯವರೆಗೆ ಹೋಗಿ ಬಂದ. ದೀಪ ಹತ್ತಲಿಲ್ಲ. ಮನೆಗೆ ಹೊರಟು ಗ್ಯಾರೇಜಿನ ಬೀದಿ ದಾಟಿದ ಮೇಲೆ ಹಾಲಮ್ಮ ಶಲ್ಯವನ್ನು ಮತ್ತೆ ಕಟ್ಟಿದಳು. ದಾರಿಯ ಏರಿನಲ್ಲಿ ದೀಪ ಮತ್ತೆ ಹತ್ತಿತು.

*

ಮುಂದಿನ ಸಲ ಅವನು ಎಂಜಿನ್ನಿನೊಳಗಿಂದ ಹಿತ್ತಾಳೆಯ ಒಂದು ಸಣ್ಣ ಬಿಲ್ಲೆಯನ್ನು ತೆಗೆದ. ಎದುರಿನ ಹೋಟೆಲಿನಿಂದ ಚಹಾದ ಪಾತ್ರೆ ತರಿಸಿ, ಸ್ಟೌವಿನ ಮೇಲೆ ನೀರು ಕಾಯಿಸಿ, ಬಿಲ್ಲೆಯನ್ನು ಅದರೊಳಗೆ ಬಿಟ್ಟ.

“ಇದೆಂಥ ಕಷಾಯ?” ಎಂದು ಸರೋಜ ಕೇಳಿದಳು. ಅತ್ತೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ.

“ಥರ್ಮೋಸ್ಟಾಟ್. ಎಂಜಿನ್ನಿನ ನೀರಿಗೆ ಇದೇ ಬಾಗ್ಲು. ಒಳಗೆ ಬಿಸಿ ಏರಿದ್ರೆ ತಾನೇ ತೆರ್ಕಂಡು ನೀರನ್ನ ಹೊರಗೆ ಬಿಡತ್ತೆ. ನೋಡಿ ಬೇಕಾದ್ರೆ.”

ಇಬ್ಬರೂ ಬಗ್ಗಿದರು. ನೀರು ಕುದಿಯಿತು. ಹಬೆಯ ನಡುವೆ ಬಿಲ್ಲೆಯ ನಡುಭಾಗ ಮೆಲ್ಲಗೆ, ಬಹಳ ಮೆಲ್ಲಗೆ ಬಿಚ್ಚಿಕೊಂಡಿತು; ಮೊಗ್ಗೊಂದು ಯಾರೂ ಕಾಣದೆ ಅರಳುವಂತೆ. ಹಬೆ ಸರಿದಾಗ ಅವನು ಪಾತ್ರೆಯನ್ನು ನೋಡುತ್ತಿರಲಿಲ್ಲ.

“ತೆರೀದೇ ಇದ್ರೆ?” ಎಂದಳು ಅವಳು, ಪಾತ್ರೆಯಿಂದ ಕಣ್ಣೆತ್ತದೆ.

“ಎಂಜಿನ್ ಒಳಗೊಳಗೇ ಸುಡತ್ತೆ. ಅದ್ಕೇ ದೀಪ ಇಟ್ಟಿರೋದು.”

“ದೀಪ ಇಡದೇ ಇರೋದಕ್ಕೆ?”

ಹೇರಂಬ ಪಾತ್ರೆಯನ್ನು ಕೆಳಗಿಳಿಸಿದ. ಸ್ಟೌ ಆರಿಸಿದ. ಕೈ ಒರೆಸಿಕೊಳ್ಳುತ್ತ, “ಹತ್ರ ಕೂತು ನೋಡ್ಬೇಕಾಗ್ತದೆ,” ಎಂದ.

ಆ ಮಾತನ್ನು ಅವಳು ಹೊಸನಗರದವರೆಗೆ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಹೋದಂತೆ ಹೋದಳು. ಪರದೆ ಅಂದು ಎರಡು ಬೆರಳಿನಷ್ಟೂ ಸರಿಯಲಿಲ್ಲ. ಅವಳಿಗೆ ಹೊರಗೆ ನೋಡುವ ಅಗತ್ಯವೇ ಬೀಳಲಿಲ್ಲ.

ಮರುದಿನ ಬಟ್ಟೆ ಒಣಹಾಕುವಾಗ ಕಾರಣ ಅವಳಿಗೆ ತಾನಾಗಿಯೇ ಹೊಳೆಯಿತು. ಒದ್ದೆ ಸೀರೆಯ ಹಿಂದೆ ನಿಂತವಳಿಗೆ ಗಾಳಿ ತಟ್ಟಲಿಲ್ಲ. ಜೀಪಿನ ಮುಂದಿನ ಜಾಲರಿಯಿಂದ ಗಾಳಿ ನುಗ್ಗಿ ಒಳಗಿನ ನೀರನ್ನು ತಣಿಸಬೇಕು. ಅಲ್ಲಿ ಶಲ್ಯ ಬಿಗಿದಿದೆ. ಗ್ಯಾರೇಜಿನಲ್ಲಿ ಶಲ್ಯವಿರುವುದಿಲ್ಲ, ದೀಪವೂ ಹತ್ತುವುದಿಲ್ಲ. ಇಷ್ಟೇ.

ಹೇಳಿದ್ದರೆ ಅಂದೇ ಮುಗಿಯುತ್ತಿತ್ತು. ಆದರೆ ಮುಗಿಯುವುದು ದೀಪದ ಕಾಟವೊಂದೇ ಆಗಿರಲಿಲ್ಲ. ಅತ್ತೆಯ ಮಂಡಿಗೆ ಹೊಸನಗರದಲ್ಲೇ ಈಗ ಔಷಧ ಸಿಗುತ್ತಿತ್ತು. ಸಾಗರದ ದಾರಿ ಉಳಿದಿದ್ದುದು ದೀಪದ ದೆಸೆಯಿಂದ ಮಾತ್ರ: ರಿಪೇರಿಗೆ ಗಾಡಿ ಹೊರಟರೆ ಶಲ್ಯದ ಕಾವಲಿಗೆ ಅತ್ತೆ, ಅತ್ತೆಯ ಕೈ ಹಿಡಿಯಲು ಅವಳು. ಸರೋಜ ಬಾಯಿ ಬಿಗಿಹಿಡಿದಳು. ಸತ್ಯವನ್ನು ಮುಚ್ಚಿಡುವುದು ತಪ್ಪೆಂದು ನಾನೂ ಬಲ್ಲೆ, ಅವಳೂ ಬಲ್ಲಳು. ಆದರೆ ಒಬ್ಬಳಿಗೆ ಉಸಿರಾಡಲು ಒಂದೇ ಕಿಂಡಿಯನ್ನು ಬಿಟ್ಟು, ಆ ಕಿಂಡಿಯನ್ನು ಅವಳೇಕೆ ಮುಚ್ಚಲಿಲ್ಲವೆಂದು ಕೇಳುವ ಹಕ್ಕು ನಮಗೆ ಎಲ್ಲಿಂದ ಬಂತು?

*

ಮೂರನೆಯ ಸಲ ಹೇರಂಬ ಜಾಲರಿಯ ಹಿಂದೆ ನೀರು ತಣಿಸುವ ರೇಡಿಯೇಟರನ್ನೇ ಬಿಚ್ಚಿ ನೆಲಕ್ಕಿಳಿಸಿದ. ಅದರ ಸಂದಿಗಳಲ್ಲಿ ಹಿಂಗಾರದ ಕಾಳುಗಳು ತುಂಬಿದ್ದವು. ಅವುಗಳ ನಡುವೆ ಚಿನ್ನದ ಬಣ್ಣದ ಒಂದು ರೇಷ್ಮೆ ಎಳೆ.

ಎಳೆಯನ್ನು ಅಂಗೈಯಲ್ಲಿಟ್ಟು ಅವನು ಕುರ್ಚಿಯ ಕಡೆ ನೋಡಿದ. ಹಾಲಮ್ಮನ ಮಡಿಲಲ್ಲಿ ಅದೇ ಬಣ್ಣದ ಶಲ್ಯ. ಆಮೇಲೆ ಸರೋಜಳ ಕಡೆ ನೋಡಿದ. ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಅಂಥ ಎಳೆ ಅಲ್ಲಿ ಸಿಗುವುದೆಂದು ಮೊದಲೇ ಬಲ್ಲವಳಂತೆ, ಬೇಡಿಕೊಳ್ಳುವ ಕಣ್ಣುಗಳಿಂದ ಅವನನ್ನೇ ನೋಡುತ್ತಿದ್ದಳು.

ಮಂಡಿಯಿಂದ ಮರಳಿದ ಗೌಡರು, “ಏನು ಭಟ್ರೆ, ಸಿಕ್ತಾ ಕಳ್ಳ?” ಎಂದರು.

ಹೇರಂಬ ಅಂಗೈ ಮುಚ್ಚಿದ. “ಹುಡುಕ್ತಾ ಇದೀನಿ ಗೌಡ್ರೆ. ಇನ್ನೊಂದ್ಸಲ ತನ್ನಿ.”

ಹೀಗೆ ಅವರಿಬ್ಬರೂ ಒಂದೇ ಸುಳ್ಳಿನ ಎರಡು ತುದಿ ಹಿಡಿದು ನಿಂತರು. ಮಳೆಗಾಲ ಕಳೆಯುವವರೆಗೆ ಅವನು ಪ್ರತಿ ಭೇಟಿಯಲ್ಲೂ ಏನಾದರೊಂದು ಮಾಡಿದ: ಆಯಿಲ್ ಬದಲಿಸಿದ, ಫ್ಯಾನಿನ ಬೆಲ್ಟು ಬಿಗಿದ, ಕಾದು ಬಾಗಿರಬಹುದಾದ ಭಾಗಗಳನ್ನು ಮುಟ್ಟಿ ಮುಟ್ಟಿ ನೋಡಿದ. ಆ ಕೆಲಸಗಳಿಗೆ ಕೂಲಿ ಮುಟ್ಟಲಿಲ್ಲ. ಕೇಳಿದರೆ ಕಾಯಿಲೆ ಸಿಗದೆ ಫೀಸು ಹೇಗೆ ತಗೊಳ್ಳಲಿ ಎನ್ನುವನು. ಗಾಡಿ ಕಾಯುತ್ತಲೇ ಇತ್ತು. ಅದೊಂದು ಅವನ ನಿದ್ದೆ ಕೆಡಿಸಿತ್ತು.

“ನಿಮಗೆ ಯಾವಾಗ ಗೊತ್ತಾಯ್ತು?” ಎಂದು ಅವನೊಮ್ಮೆ ಬಾನೆಟ್ಟಿನ ಮರೆಯಲ್ಲಿ ಕೇಳಿದ.

“ನಿಮಗಿಂತ ಒಂದ್ಸಲ ಮುಂಚೆ.”

“ಹಂಗಾದ್ರೆ ಕೆಲ್ಸಕ್ಕೆ ಇಟ್ಕಳ್ಳಬಹುದು ನಿಮ್ಮನ್ನ.”

“ಏನಂತ?”

ಅವನು ಆಯಿಲ್ ಅಳೆಯುವ ಡಿಪ್‌ಸ್ಟಿಕ್ಕನ್ನು ಒರೆಸಿದ್ದನ್ನೇ ಮತ್ತೆ ಒರೆಸಿದ. ಕಿವಿಯ ತುದಿ ಕೆಂಪಾಗಿತ್ತು. ಸರೋಜ ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು. ಸದ್ದಿಲ್ಲದ, ಆದರೆ ನಿಜವಾದ ನಗು. ಕುರ್ಚಿಯಲ್ಲಿ ಹಾಲಮ್ಮ ಕಣ್ಣು ತೆರೆದಳು, ನೋಡಿದಳು, ಮತ್ತೆ ಮುಚ್ಚಿದಳು.

*

ಸುಳ್ಳಿನ ಮೇಲೆ ನಿಂತ ಸುಖಕ್ಕೆ ಆಯುಸ್ಸು ಎಷ್ಟು? ದೀಪಾವಳಿ ಕಳೆದ ಒಂದು ಬೆಳಿಗ್ಗೆ ಗೌಡರು ಕಾಫಿ ಲೋಟ ಕೆಳಗಿಟ್ಟು ನಿರ್ಧಾರ ಹೇಳಿದರು.

“ಇವತ್ತೇ ಕೊನೆ. ಭಟ್ಟನ ಕೈಲೂ ಆಗ್ಲಿಲ್ಲ ಅಂದ್ರೆ ಗಾಡಿನ ಕಲ್ಲಿನ ಮೇಲೆ ಏರ್ಸಿ ಶೆಡ್ಡಲ್ಲಿ ನಿಲ್ಲಸ್ತೀನಿ. ಮಗನ ನೆನಪಿಗೆ ಇರ್ಲಿ. ಸರೋಜ, ನೀನೂ ಸುಮ್ನೆ ಅಲೆಯೋದು ಬೇಡ. ಮನೆ ನೋಡ್ಕಂಡು ಆರಾಮಾಗಿರು.”

ಆರಾಮ. ಆ ಪದವನ್ನು ಗೌಡರು ಪ್ರೀತಿಯಿಂದಲೇ ಹೇಳಿದ್ದರು. ಹಿಂದಿನ ಸೀಟಿನಲ್ಲಿ ಕುಳಿತ ಸರೋಜಳಿಗೆ ಆ ದಿನ ಪರದೆ ಗೋಡೆಯಂತೆ ಕಂಡಿತು. ಗಾಲಿ ಕಳಚಿ ಕಲ್ಲಿನ ಮೇಲೆ ನಿಂತ ಜೀಪು ಒಂದೇ ಅಲ್ಲ, ಅದರೊಳಗೆ ತಾನೂ, ಕೂದಲು ನೆರೆಯುವವರೆಗೆ, ಯಾರದೋ ನೆನಪಿನ ವಸ್ತುವಾಗಿ ಕುಳಿತಿರುವುದು ಕಂಡಿತು. ಮುಚ್ಚಿಟ್ಟ ಮಾತು ಅವಳನ್ನು ಕಾಯಲಿಲ್ಲ. ಅದೇ ಈಗ ಹೊರಗಿನಿಂದ ಅಗುಳಿ ಹಾಕುತ್ತಿತ್ತು.

ಬಟ್ಟೆಮಲ್ಲಪ್ಪ ದಾಟಿದ ಮೇಲಿನ ಏರಿನಲ್ಲಿ ದೀಪ ಹತ್ತಿತು. ಅರ್ಧ ಏರುವಷ್ಟರಲ್ಲಿ ಬಾನೆಟ್ಟಿನ ಅಂಚಿನಿಂದ ಹಬೆ ಬುಸುಗುಟ್ಟಿತು, ಗಾಡಿ ನಿಂತಿತು. ಗೌಡರು ಸಾಗರದ ಕಡೆ ಹೊರಟಿದ್ದ ಬಸ್ಸಿಗೆ ಕೈ ಅಡ್ಡ ಹಾಕಿ ಹೇರಂಬನಿಗೆ ಹೇಳಿ ಕಳುಹಿಸಿದರು. ಬಿಸಿಲು ನೆತ್ತಿಗೇರುವ ಹೊತ್ತಿಗೆ ಅವನು ನೀರಿನ ಕ್ಯಾನು ಕಟ್ಟಿಕೊಂಡು ಸ್ಕೂಟರಿನಲ್ಲಿ ಬಂದ.

ಅವನು ಬರುವುದನ್ನು ಕಂಡು ಹಾಲಮ್ಮ ಎಂದಿನಂತೆ ಶಲ್ಯ ಬಿಚ್ಚಲು ಎದ್ದಳು.

“ಬಿಚ್ಚಬೇಡಿ ಅತ್ತೆ,” ಎಂದಳು ಸರೋಜ. “ಅವರು ನೋಡ್ಲಿ.”

ಹೇರಂಬ ಬಾಯಿ ತೆರೆಯುವುದರೊಳಗೆ ಅವಳೇ ಮುಂದುವರಿಸಿದಳು. ಬೆರಳು ಶಲ್ಯದ ಕಡೆ ಚಾಚಿತ್ತು. “ಗಾಡಿ ಕಾಯೋದು ಇದ್ರಿಂದ. ಗಾಳಿ ಒಳಗೆ ಹೋಗಕ್ಕೆ ದಾರಿ ಇಲ್ಲ. ಗ್ಯಾರೇಜಲ್ಲಿ ನೀವು ಬಿಚ್ಚಿ ಇಡ್ತೀರಿ, ಅದ್ಕೇ ಅಲ್ಲಿ ಕಾಯಲ್ಲ. ನಂಗೆ ಮೊದ್ಲೇ ಗೊತ್ತಿತ್ತು.”

ಗೌಡರು ಅವಳನ್ನೇ ನೋಡಿದರು. “ಗೊತ್ತಿದ್ದೂ ಹೇಳ್ಲಿಲ್ವಾ?”

“ಹೇಳಿದ್ರೆ ಸಾಗರಕ್ಕೆ ಬರೋದು ನಿಂತು ಹೋಗ್ತಿತ್ತು ಮಾವ.”

“ಸಾಗರದಲ್ಲಿ ಎಂಥ ಇದೆ ನಿಂಗೆ?”

ಏರಿನ ಮೇಲೆ ಗಾಳಿ ಬೀಸಿತು. ಹೇರಂಬ ಕ್ಯಾನನ್ನು ನೆಲಕ್ಕಿಟ್ಟು ನೆಟ್ಟಗೆ ನಿಂತ.

“ನಾನಿದೀನಿ ಗೌಡ್ರೆ.”

ಗೌಡರ ಕೈ ಮೇಲೆದ್ದಿತು. ಎಲ್ಲಿ ಇಳಿಯಬೇಕೆಂದು ತಿಳಿಯದೆ ಬಾನೆಟ್ಟಿನ ಮೇಲೆ ಇಳಿಯಿತು, ಸುಟ್ಟು ಹಿಂದೆ ಸರಿಯಿತು. “ಗಾಡಿ ಹತ್ತು ಸರೋಜ. ಮನೆಗೆ ಹೋಗಣ.”

“ಈಗ ಹೋಗಕ್ಕಾಗಲ್ಲ,” ಎಂದ ಹೇರಂಬ ಮೆಲ್ಲಗೆ. “ಬಿಸಿ ಇದ್ದಾಗ ಮುಚ್ಚಳ ತೆಗೆದ್ರೆ ಕುದಿನೀರು ಮುಖಕ್ಕೇ ಹಾರತ್ತೆ. ತಣಿಯೋವರೆಗೂ ಕಾಯ್ಬೇಕು.”

ಹಾಗೆ ಆ ನಾಲ್ವರೂ ರಸ್ತೆಯ ಬದಿಯಲ್ಲಿ ಸಿಕ್ಕಿಬಿದ್ದರು. ಕೋಪಗೊಂಡವರಿಗೆ ಎದ್ದು ಹೋಗಲು ಒಳಮನೆಯಿರಲಿಲ್ಲ, ಅಳುವವರಿಗೆ ಬಾಗಿಲಿರಲಿಲ್ಲ. ಗೌಡರು ಬೆನ್ನು ಹಾಕಿ ಕಲ್ಲಿನ ಮೇಲೆ ಕೂತರು. ಹಾಲಮ್ಮ ಜೀಪಿನ ಮುಂದೆ ನಿಂತು ಶಲ್ಯವನ್ನು ಮುಟ್ಟಿದಳು. ರೇಷ್ಮೆ ಕಾದು, ಒಂದು ಕಡೆ ಕಂದಿತ್ತು.

“ನನ್ ಮಗನ ಗಾಡಿಗೆ ಉಸಿರು ಕಟ್ಟಿಸಿದ್ದು ನಾನೇನಾ ಭಟ್ರೆ?”

“ಬೇಕಂತ ಮಾಡಿದ್ದಲ್ಲ ಅಮ್ಮ.”

“ಬೇಕಂತ ಮಾಡಿದ್ರೆ ಯಾರಾದ್ರೂ ತಡೀತಿದ್ರು,” ಎಂದಳು ಹಾಲಮ್ಮ. ಗಂಟುಗಳನ್ನು ಒಂದೊಂದಾಗಿ ಬಿಚ್ಚಿ, ಶಲ್ಯವನ್ನು ಮಡಿಸಿ ತನ್ನ ಚೀಲದೊಳಗಿಟ್ಟಳು. ಆಮೇಲೆ ಸೊಸೆಯ ಎದುರು ಬಂದು ನಿಂತಳು. “ನೀನು ಗ್ಯಾರೇಜಲ್ಲಿ ನಗೋದನ್ನ ನೋಡಿದೀನಿ. ಎರಡು ವರ್ಷದಲ್ಲಿ ಅದೊಂದೇ ಸಲ. ಕಣ್ ಮುಚ್ಕಂಡೆ, ನಿಲ್ಸಿಬಿಡ್ತೀಯೇನೋ ಅಂತ. ಎಲ್ಲಿಗೆ ಹೋಗ್ಬೇಕೆ ನಿಂಗೆ?”

ಆ ಮನೆಯಲ್ಲಿ ಯಾರೂ ಅವಳನ್ನು ಕೇಳದಿದ್ದ ಪ್ರಶ್ನೆಯದು. ಉತ್ತರ ತುಟಿಗೆ ಬರಲು ಹೊತ್ತು ಹಿಡಿಯಿತು.

“ಸಾಗರಕ್ಕೆ ಅತ್ತೆ. ಹೋಗಿ ಬರಕ್ಕಲ್ಲ. ಅಲ್ಲೇ ಇರಕ್ಕೆ.”

“ಮಾನ ಮರ್ಯಾದೆ ಅಂತ ಒಂದಿದೆ,” ಎಂದರು ಗೌಡರು, ತಿರುಗದೆಯೇ. “ಜಾತಿ ಅಂತ ಒಂದಿದೆ. ಭಟ್ಟ, ನಿಮ್ಮನೇಲಿ ಒಪ್ತಾರೇನೋ?”

“ಒಪ್ಪಲ್ಲ ಗೌಡ್ರೆ. ಗ್ಯಾರೇಜಿಗೂ ಒಪ್ಪಿರ್ಲಿಲ್ಲ.”

ಹಾಲಮ್ಮ ಗಂಡನ ಕಡೆ ನೋಡಿದಳು. “ಯಾರೋ ಓಡ್ಸಿದ ಗಾಡಿಗೆ ನಾನೇ ಆರತಿ ಎತ್ತಿದೀನಿ. ಇವಳು ಗಾಡಿಗಿಂತ ಕಡೆಯಾ ನಿಮ್ಗೆ?”

ಗೌಡರು ಒಪ್ಪಿಗೆ ಕೊಡಲಿಲ್ಲ. ಎಂಜಿನ್ ತಣಿದಿತ್ತು. ಹೇರಂಬ ಬಟ್ಟೆ ಹಿಡಿದು ಮುಚ್ಚಳ ಸಡಿಲಿಸಿ ನೀರು ತುಂಬಿದ. ಗೌಡರು ಎದ್ದು, ಜೀಪನ್ನು ಹೊಸನಗರದ ಕಡೆಗೆ ತಿರುಗಿಸಿ ಕಾದರು. ಯಾರಿಗೆ ಕಾಯುತ್ತಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಸರೋಜ ಹತ್ತಲಿಲ್ಲ.

ಅವಳು ಸ್ಕೂಟರಿನ ಕಡೆ ಒಂದು ಹೆಜ್ಜೆ ಇಟ್ಟಾಗ ಹಾಲಮ್ಮ ತೋಳು ಹಿಡಿದಳು. “ಅದ್ರಲ್ಲಿ ಬೇಡ. ಬಸ್ಸಲ್ಲಿ ಹೋಗು, ನಾಲ್ಕು ಜನ ನೋಡ್ಲಿ. ಕದ್ದು ಹೋದ್ಲು ಅಂತ ಒಬ್ರೂ ಹೇಳ್ಬಾರ್ದು. ಮದುವೆ ತನಕ ಸಾಗರದಲ್ಲಿರೋ ನಿನ್ ಚಿಕ್ಕಮ್ಮ ಮೂಕಮ್ಮನ ಮನೇಲಿರು. ಯಾರಾದ್ರೂ ಕೇಳಿದ್ರೆ ಅತ್ತೆ ಕಳ್ಸಿದ್ಲು ಅನ್ನು.”

ಮಧ್ಯಾಹ್ನದ ಬಸ್ಸು ಧೂಳೆಬ್ಬಿಸುತ್ತ ಬಂದು ನಿಂತಿತು. ಸರೋಜ ಕಿಟಕಿಯ ಪಕ್ಕದಲ್ಲಿ ಕೂತಳು. ರಸ್ತೆ, ಗುಡ್ಡ, ಗದ್ದೆ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ನಿಂತ ಹೆಂಗಸರು, ಎಲ್ಲವೂ ಒಂದೇ ಸಲಕ್ಕೆ ಅವಳ ಕಣ್ಣೊಳಗೆ ನುಗ್ಗಿದವು. ಕೆಳಗೆ ಜೀಪು ಇಳಿಜಾರಿನಲ್ಲಿ ಸಣ್ಣದಾಗುತ್ತ ಹೋಯಿತು. ಅದರ ಮುಂದಿನ ಸೀಟಿನಿಂದ ಹಾಲಮ್ಮನ ಕೈ ಹೊರಬಂದು, ಬೀಸದೆ, ಸುಮ್ಮನೆ ಗಾಳಿಯಲ್ಲಿ ನಿಂತಿತ್ತು.

ಹಿಂದೆ ತಿರುಗಿದರೆ ಸ್ಕೂಟರು. ಬಸ್ಸನ್ನು ದಾಟುವ ಅವಕಾಶ ಎಷ್ಟು ಸಲ ಸಿಕ್ಕರೂ ದಾಟದೆ, ಅದರ ಧೂಳನ್ನೆಲ್ಲ ಕುಡಿಯುತ್ತ, ಹುಬ್ಬಿನವರೆಗೆ ಕೆಂಪುಮಣ್ಣು ಮೆತ್ತಿಕೊಂಡು ಹೇರಂಬ ಬರುತ್ತಿದ್ದ. ಸರೋಜ ಈ ಸಲ ಸೆರಗನ್ನು ಬಾಯಿಗೊತ್ತಿಕೊಳ್ಳಲಿಲ್ಲ. ಅವಳ ನಗು ಕಂಡು ಪಕ್ಕದಲ್ಲಿ ಕೂತಿದ್ದ ಮುದುಕಿಯೊಬ್ಬಳು, “ಯಾರೇ ಅದು, ನಿನ್ ಗಂಡನಾ?” ಎಂದಳು.

“ಇನ್ನೂ ಆಗಿಲ್ಲ ಅಜ್ಜಿ,” ಎಂದಳು ಸರೋಜ.

ಅವರ ಮದುವೆ ರಿಜಿಸ್ಟರಾಯಿತು. ಹೇರಂಬನ ಮನೆಯಿಂದ ಯಾರೂ ಬರಲಿಲ್ಲ. ಮಂಜಯ್ಯ ಗೌಡರೂ ಬರಲಿಲ್ಲ. ಆದರೆ ಹಾಲಮ್ಮನನ್ನು ಬಸ್ ಸ್ಟ್ಯಾಂಡಿನವರೆಗೆ ತಂದು ಬಿಟ್ಟವರು ಅವರೇ. ಆ ಮೇಲೆಯೂ ಬಹುಕಾಲ ಅವರು ಸೊಸೆಯೊಡನೆ ಮಾತಾಡಲಿಲ್ಲ. ಎಲ್ಲರೂ ಕೂಡಿ ಕಣ್ಣೊರೆಸಿಕೊಳ್ಳುವ ಕೊನೆ ನಿಮಗೆ ಕೊಡಲು ನನ್ನಲ್ಲಿ ಇಲ್ಲ.

ನಿಮ್ಮ ಮನೆಯಲ್ಲೂ ಒಬ್ಬಳಿರಬಹುದು: ಸೊಸೆ, ಅಕ್ಕ, ಅತ್ತಿಗೆ. ನೀವೂ ಒಳ್ಳೆಯವರೇ ಇರಬಹುದು. ಈ ಪುಟವನ್ನು ಮಡಿಸಿಟ್ಟು ಒಳಗೆ ಹೋಗಿ. ಅವಳಿಗೆ ಎಲ್ಲಿಗೆ ಹೋಗಬೇಕಾಗಿದೆಯೆಂದು ಕೇಳಿ. ಅವಳು ಕೂಡಲೇ ಉತ್ತರಿಸಲಾರಳು. ದಯವಿಟ್ಟು, ಉತ್ತರ ಬರುವವರೆಗೆ ಅಲ್ಲೇ ನಿಂತಿರಿ.